ದಾನಕ್ಕ ಕೊನೆ ಓದಿದ ದಿನ

ಹೊಸ ಊರಿಗೆ ಹೋದಾಗ ಜನ ಮೊದಲು ದೇವಸ್ಥಾನ ಎಲ್ಲಿ, ಒಳ್ಳೆಯ ಖಾನಾವಳಿ ಎಲ್ಲಿ ಎಂದು ಕೇಳುತ್ತಾರೆ. ನಾನು ಪುಸ್ತಕದಂಗಡಿ ಎಲ್ಲಿ ಎಂದು ಕೇಳುತ್ತೇನೆ. ನನ್ನ ಗಂಡ ಇದನ್ನು ಚಟ ಎನ್ನುತ್ತಾರೆ. ಊರೂರಿನ ಪೇಡೆ ತಿಂದು ಒಂದಕ್ಕೊಂದು ಹೋಲಿಸುವ ತಮ್ಮ ಕೆಲಸಕ್ಕೆ ಮಾತ್ರ ಹವ್ಯಾಸ ಎಂದು ಹೆಸರಿಟ್ಟುಕೊಂಡಿದ್ದಾರೆ. ಆ ಸಲ ಅವರಿಗೆ ಮಂಡಿನೋವು, ನಾನೊಬ್ಬಳೇ ಹೊರಟಿದ್ದೆ. ಹೊಳೆಯಾಚೆ ಒಂದು ಊರಿದೆ, ಅಲ್ಲಿ ದಾನಕ್ಕನ ಪುಸ್ತಕದಂಗಡಿ ಎಂದಿದೆ, ಓದುವ ಹುಚ್ಚಿರುವವರು ಕಣ್ಣು ಮುಚ್ಚುವುದರೊಳಗೆ ಒಮ್ಮೆ ನೋಡಬೇಕು ಎಂದು ರೈಲಿನಲ್ಲಿ, ಬಸ್ಸಿನಲ್ಲಿ, ಬೇರೆ ಊರುಗಳ ಅಂಗಡಿಗಳಲ್ಲಿ ಎಷ್ಟೋ ಜನ ಹೇಳಿದ್ದರು. ಹೇಳಿದವರೆಲ್ಲ ಅದೇಕೋ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. "ಅಲ್ಲಿ ಒಂದು ವಿಷಯ ಏನೆಂದರೆ..." ಎಂದು ಶುರು ಮಾಡಿ, "ಇರಲಿ, ಹೋಗಿ ನೋಡಿ" ಎಂದು ಮುಗಿಸಿಬಿಡುತ್ತಿದ್ದರು.

ಹೊಳೆ ದಾಟಿಸಿದ ಅಂಬಿಗ ಹುಟ್ಟು ಹಾಕುವ ನಡುವೆ ಬಿಡುವಾದಾಗೆಲ್ಲ ಮೊಣಕಾಲ ಮೇಲೆ ಬೋರಲು ಹಾಕಿಟ್ಟ ಪುಸ್ತಕ ಎತ್ತಿ ಎರಡು ಸಾಲು ಓದಿಕೊಳ್ಳುತ್ತಿದ್ದ. ದೋಣಿ ಅಷ್ಟರಲ್ಲಿ ಒಂದಿಷ್ಟು ಅಡ್ಡ ತಿರುಗುತ್ತಿತ್ತು, ಯಾರೂ ಗೊಣಗಲಿಲ್ಲ. ದಡದಲ್ಲಿ ಸೌತೆಕಾಯಿ ಮಾರುವವಳು ಓದುತ್ತ ಕುಳಿತಿದ್ದಳು. ಕೊಳ್ಳಲು ಬಂದವರು ಅವಳ ಪುಟ ಮುಗಿಯುವವರೆಗೆ ಚೀಲ ಹಿಡಿದು ಸುಮ್ಮನೆ ನಿಂತಿದ್ದರು. ಇಂಥ ಊರೂ ಭೂಮಿಯ ಮೇಲಿದೆಯಲ್ಲ ಎಂದು ನನಗೆ ಮೈಯೆಲ್ಲ ಹಿಗ್ಗಾಯಿತು. ಹುಟ್ಟಿದರೆ ಇಲ್ಲಿ ಹುಟ್ಟಬೇಕಿತ್ತು ಅಂದುಕೊಂಡೆ.

ಹೊಟ್ಟೆ ಹಸಿದಿತ್ತು. ಮೊದಲು ಖಾನಾವಳಿಗೆ ಹೋದೆ. ರೊಟ್ಟಿ ಬರುವವರೆಗೆ ಸುಮ್ಮನೆ ಕೂರಲಾರದೆ ಚೀಲದಿಂದ ದಾರಿಗೆಂದು ತಂದ ಕಾದಂಬರಿ ತೆಗೆದೆ. ಅದು ಮುಗಿಯಲು ಎರಡು ಮೂರು ಪುಟ ಬಾಕಿ ಇತ್ತು. ಡಾಕ್ಟರು, ನರ್ಸು, ಅವರಿಬ್ಬರ ನಡುವೆ ಒಬ್ಬಳು ಜಮೀನ್ದಾರರ ಮಗಳು, ಅಂಥದು. ಕೊನೆಯ ಸಾಲು ಓದಿ, ಸರಿ, ಎಂದು ಪುಸ್ತಕ ಮಡಚಬೇಕು, ಅಷ್ಟರಲ್ಲಿ ಹಾಳೆಯ ಮೇಲೆ ಏನೋ ಅಲುಗಿತು. ಸಕ್ಕರೆ ಡಬ್ಬಿ ಎತ್ತಿದಾಗ ಇರುವೆಗಳ ಸಾಲು ಚದುರುತ್ತದಲ್ಲ, ಹಾಗೆ ಅಕ್ಷರಗಳು ಸಾಲು ಬಿಟ್ಟು ಚದುರಿದವು. ಅಂಚಿನ ಕಡೆಗೆ ಸರಿದವು, ಅಂಚಿನಿಂದ ಎದ್ದವು, ನನ್ನ ಮೂಗಿನ ಮುಂದೆಯೇ ಒಂದಿಷ್ಟು ಕಪ್ಪು ಧೂಳಿನಂತೆ ತೇಲಿ ಕಿಟಕಿಯಾಚೆ ಹೋದವು. ಹಿಂದಿನ ಪುಟ ತಿರುಗಿಸಿದೆ, ಬಿಳಿ. ಅದರ ಹಿಂದಿನದೂ ಬಿಳಿ. ಇಡೀ ಪುಸ್ತಕ ತೊಳೆದಿಟ್ಟ ತಟ್ಟೆಯ ಹಾಗಾಗಿತ್ತು.

ಖಾನಾವಳಿಯ ಯಜಮಾನಿ ರೊಟ್ಟಿಯ ತಾಟು ಹಿಡಿದು ಬಂದವಳು ನೋಡಿ ಅಲ್ಲೇ ನಿಂತಳು. "ಅಯ್ಯ ನಮ್ಮವ್ವ! ಅಕ್ಕಾರ, ಖರ್ಚು ಮಾಡಿಕೊಂಡ್ರಲ್ಲ! ಹೊಳಿ ದಾಟೂಮುಂದ ಯಾರೂ ಹೇಳಲಿಲ್ಲೇನ್ರಿ?"

"ಏನು ಖರ್ಚು?" ಎಂದೆ.

"ಕೊನೀರಿ. ನಮ್ಮೂರಾಗ ಒಬ್ಬರಿಗೆ ಒಂದ ಕೊನಿ. ಯಾರರ ಕೊನಿ ಹಾಳಿ ಓದಿದ್ರ ಪುಸ್ತಕ ಖಾಲಿ ಆಗತೈತಿ. ಆಮ್ಯಾಗ ಅವರಿಗೆ ಜನ್ಮದಾಗ ಇನ್ನೊಂದು ಕೊನಿ ಕಾಣಂಗಿಲ್ಲ." ಅವಳು ನನ್ನ ಪುಸ್ತಕದ ಹೊದಿಕೆಯ ಚಿತ್ರ ನೋಡಿದಳು. ಬಿಳಿ ಕೋಟು, ಗುಲಾಬಿ ಹೂ. ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಪಾಪ ಎನಿಸಿರಬೇಕು, "ಹೋಗ್ಲಿ ಬಿಡ್ರಿ. ಲಗ್ನ ಆತೇನು ಅವರದು?" ಎಂದಳು.

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. "ಆಯಿತು," ಎಂದೆ. "ನರ್ಸಿನ ಜೊತೆಗೇ ಆಯಿತು." ಖಾನಾವಳಿಗೆ ಖಾನಾವಳಿಯೇ ನಿಟ್ಟುಸಿರು ಬಿಟ್ಟಿತು. ಮೂಲೆಯಲ್ಲಿದ್ದ ಒಬ್ಬ ಮುದುಕ, ಕಥೆಯ ಒಂದು ಸಾಲೂ ಗೊತ್ತಿಲ್ಲದವನು, "ಚಲೋ ಆತು ತಗೀ," ಎಂದು ಕಣ್ಣೊರೆಸಿಕೊಂಡ.

ಉಂಡು ಎದ್ದವರ ತಾಟು ನೋಡಿದೆ. ಎಲ್ಲರೂ ಒಂದು ತುತ್ತು ಉಳಿಸಿದ್ದರು. ಬೀದಿಯಲ್ಲಿ ಇಬ್ಬರು ಹೆಂಗಸರು ನಲ್ಲಿ ನೀರಿಗೆ ಜಗಳವಾಡುತ್ತಿದ್ದರು, ಜಗಳ ತಾರಕಕ್ಕೇರಿದಾಗ ಒಬ್ಬಳು, "ಉಳಿದದ್ದು ನಾಳಿಗೆ," ಎಂದು ಕೊಡ ಎತ್ತಿಕೊಂಡು ಹೋದಳು. ಇನ್ನೊಬ್ಬಳು ಅದಕ್ಕೆ ತಲೆಯಾಡಿಸಿದಳು. ಯಾವುದನ್ನೂ ಪೂರ್ತಿ ಮಾಡುವ ಅಭ್ಯಾಸವೇ ಇಲ್ಲದ ಜನ. ನನ್ನಂಥವಳು, ಹಿಡಿದ ಪುಸ್ತಕವನ್ನೆಲ್ಲ ಮುಗಿಸಿ, ಮುಗಿಸಿದ ಮೇಲೆ ಒಂದು ವಾರಕ್ಕೆ ಮರೆತು ಕೂರುವವಳು, ಅವರ ನಡುವೆ ಹೊಟ್ಟೆಬಾಕಿಯ ಹಾಗೆ ನಡೆದೆ.

ದಾನಕ್ಕನ ಅಂಗಡಿ ಒಂದು ಕಾಲದಲ್ಲಿ ಅರಳೆ ತುಂಬಿಡುವ ಗೋದಾಮು ಆಗಿತ್ತಂತೆ. ಎತ್ತರದ ಗೋಡೆ, ದೊಡ್ಡ ಮರದ ಬಾಗಿಲು. ಬಾಗಿಲು ಅರ್ಧ ಹಾಕಿತ್ತು. ಮೆಟ್ಟಿಲ ಮೇಲೆ, ಬೀದಿಯಲ್ಲಿ, ಎದುರಿನ ಕಟ್ಟೆಯ ಮೇಲೆ ಜನವೋ ಜನ. ಗದ್ದಲವಿಲ್ಲ. ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತಿದ್ದ ಬಿಳಿ ಗಡ್ಡದವರು ನನ್ನ ಚೀಲ ನೋಡಿ ಪರವೂರಿನವಳೆಂದು ಗುರುತಿಸಿ, "ಬರ್ರಿ ಅಕ್ಕಾರ, ಕುಂದರ್ರಿ. ಇವತ್ತ ಗಿರಾಕಿಗೆ ಅಂಗಡಿ ಇಲ್ರಿ," ಎಂದರು. ಹೆಸರು ದಸ್ತಗೀರಸಾಬ. ಅಂಗಡಿಗೆ ಬಂದ ಪ್ರತಿ ಪುಸ್ತಕದ ಕೊನೆಯ ಹಾಳೆಯನ್ನು ಅದರ ಹಿಂದಿನ ಹಾಳೆಗೆ ಸೇರಿಸಿ ಕೆಂಪು ದಾರದಲ್ಲಿ ಹೊಲಿಯುವುದು ಅವರ ಕೆಲಸ. ಮರೆತು ಯಾರೂ ಓದಿಬಿಡಬಾರದಲ್ಲ. ಉಳಿದ ಹೊತ್ತು ರವಿಕೆ, ಪಾಯಿಜಾಮ.

ನಾನು ಖಾನಾವಳಿಯ ಅನಾಹುತ ಹೇಳಿಕೊಂಡೆ. ಅವರು ನಗಲಿಲ್ಲ. "ನಂದೂ ಹಂಗ ಆತ್ರಿ," ಎಂದರು. "ಹರೇದಾಗ ಒಂದು ಪತ್ತೇದಾರಿ ಪುಸ್ತಕಾ. ಕೊಲಿ ಮಾಡಿದವ ಯಾರು ಅಂತ ತಡಕೊಳ್ಳಾಕ ಆಗಲಿಲ್ಲ. ನಾನ ಹೊಲದಿದ್ದ ಹೊಲಿಗಿ, ನಾನ ಬಿಚ್ಚಿದೆ. ಅಡಿಗಿ ಮಾಡಾವ್ರಿ. ಅಡಿಗಿ ಮಾಡಾವ ಕೊಂದಿದ್ದ. ಇಷ್ಟಕ್ಕ ನನ್ನ ಜನ್ಮದ ಕೊನಿ ಹೋತು. ನನ್ನ ಹೇಣ್ತಿ ಇವತ್ತಿಗೂ ಅಡಿಗಿ ಮನಿಯಿಂದ ಅದನ್ನ ಎತ್ತಿ ಆಡತಾಳ."

"ಇವತ್ತು ಯಾಕೆ ಅಂಗಡಿ ಇಲ್ಲ?"

ಅವರು ದನಿ ತಗ್ಗಿಸಿದರು. "ಇವತ್ತ ದಾನಕ್ಕ ಕೊನಿ ಓದತಾಳ್ರಿ."

ದಾನಕ್ಕನಿಗೆ ಕಣ್ಣು ಮಂಜಾಗುತ್ತ ಬಂದಿತ್ತಂತೆ. ವೈದ್ಯರು ಇನ್ನು ಸ್ವಲ್ಪ ದಿನ ಎಂದಿದ್ದರು. ಇನ್ನೊಬ್ಬರು ಓದಿ ಹೇಳಿದರೆ ಅದು ಓದಿದವರ ಲೆಕ್ಕ, ಕೇಳಿದವರದಲ್ಲ. ತನ್ನ ಕಣ್ಣು ಇರುವಾಗಲೇ ಓದಿಬಿಡಬೇಕು. ಯಾವ ಪುಸ್ತಕ ಎಂದು ಊರಲ್ಲಿ ಯಾರೂ ಕೇಳಬೇಕಿರಲಿಲ್ಲ. ಚಿಕ್ಕಂದಿನಲ್ಲಿ ದಾನಕ್ಕ ಮತ್ತು ಅವಳ ತಂಗಿ ಕಸ್ತೂರಿ ಒಂದೇ ಚಾಪೆಯ ಮೇಲೆ ಬೋರಲು ಮಲಗಿ, ಒಂದು ಪುಟ ಇವಳು ಒಂದು ಪುಟ ಅವಳು ಎಂದು ಓದಿದ ಪುಸ್ತಕ ಅದು. ಹೊಲಿಗೆಯ ಹತ್ತಿರ ಬಂದಾಗ ಕಸ್ತೂರಿ, ಬಿಚ್ಚೋಣ ಎಂದಳು. ದಾನಕ್ಕ ಬೇಡ ಎಂದಳು, ಇಡೀ ಊರು ಓದುವ ಪುಸ್ತಕ, ನಾವು ಓದಿ ಖಾಲಿ ಮಾಡುವುದೇ? ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಿಗ್ಗೆ ಕಸ್ತೂರಿ, ಪುಸ್ತಕಗಳ ಕೊನೆ ಓದಲು ಬಿಡುವ ಊರು ಎಲ್ಲಾದರೂ ಇದ್ದೇ ಇರುತ್ತದೆ ಎಂದು ಹೇಳಿ ಹೊಳೆ ದಾಟಿದಳು. ಮತ್ತೆ ಬರಲಿಲ್ಲ. ದಾನಕ್ಕ ಮದುವೆಯಾಗಲಿಲ್ಲ, ಊರು ಬಿಡಲಿಲ್ಲ. ಹೊಳೆಯ ದಾರಿಗೆ ಮುಖ ಮಾಡಿ ಅಂಗಡಿ ಇಟ್ಟು ಕುಳಿತಳು.

"ಯಾವ ಪುಸ್ತಕ?" ಎಂದು ನಾನು ಕೇಳಿದೆ.

"'ಲಿಂಬವ್ವನ ದಾರಿ' ಅಂತರಿ."

ಆ ಪುಸ್ತಕ ನಾನು ಓದಿದ್ದೆ. ಹಾಸ್ಟೆಲಿನಲ್ಲಿದ್ದಾಗ, ವಾಚನಾಲಯದ ಬೆಂಚಿನ ಮೇಲೆ ಕುಳಿತು, ಊಟದ ಗಂಟೆ ಹೊಡೆದರೂ ಏಳದೆ ಓದಿದ್ದೆ. ಬಳೆ ಮಾರುವ ಲಿಂಬವ್ವ, ತನ್ನನ್ನು ತೊಟ್ಟಿಲಲ್ಲಿ ಬಿಟ್ಟು ಹೋದ ತಾಯಿಯನ್ನು ಹುಡುಕಿಕೊಂಡು ಊರಿಂದೂರಿಗೆ ನಡೆಯುತ್ತಾಳೆ. ಪ್ರತಿ ಊರಲ್ಲೂ ಯಾರದೋ ಕೈಗೆ ಬಳೆ ತೊಡಿಸುತ್ತ ಅವರ ಕಥೆ ಕೇಳುತ್ತಾಳೆ. ಅವಳ ಜೊತೆ ನಾನೂ ನಡೆದಿದ್ದೆ. ಕೊನೆಯ ಪುಟ ಮಾತ್ರ ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅದನ್ನು ಓದಿ ಸಿಟ್ಟಿನಿಂದ ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿದ್ದೆ. ಲಿಂಬವ್ವ ಒಂದು ಮನೆಯ ಮುಂದೆ ಬಂದು ನಿಲ್ಲುತ್ತಾಳೆ. ಹೆಗಲಿಗೆ ಹಾಕಿದ್ದ ಬಳೆಯ ಮಲಾರ ಕೆಳಗಿಡುತ್ತಾಳೆ. ಚಿಲಕಕ್ಕೆ ಕೈ ಹಾಕುತ್ತಾಳೆ. ಅಷ್ಟೇ. ಬಾಗಿಲು ತೆರೆಯಿತೋ, ಒಳಗೆ ತಾಯಿ ಇದ್ದಳೋ, ಬರೆದವರು ಹೇಳುವುದೇ ಇಲ್ಲ. ಆಮೇಲೆ ಆ ಪುಸ್ತಕದ ಪ್ರತಿ ಎಲ್ಲೂ ಸಿಕ್ಕಿರಲಿಲ್ಲ, ಅಚ್ಚು ಹಾಕಿದವರೂ ಇಲ್ಲ.

ಒಂದು ಜನ್ಮ ಕಾದು, ಇದ್ದ ಒಂದೇ ಒಂದು ಕೊನೆಯನ್ನು ದಾನಕ್ಕ ಕೊನೆಯಿಲ್ಲದ ಪುಸ್ತಕಕ್ಕೆ ಸುರಿಯಲು ಹೊರಟಿದ್ದಳು. ಅದು ಈ ಊರಲ್ಲಿ ನನಗೊಬ್ಬಳಿಗೇ ಗೊತ್ತು.

"ನಾನು ಅವರನ್ನು ನೋಡಬೇಕು," ಎಂದೆ. ನನ್ನ ಮುಖ ನೋಡಿ ದಸ್ತಗೀರಸಾಬರು ಏನೂ ಕೇಳದೆ ಒಳಗೆ ಕರೆದೊಯ್ದರು.

ಒಳಗೆ ಕಾಲಿಟ್ಟವಳು ಒಂದು ಕ್ಷಣ ಬಂದ ಕೆಲಸವನ್ನೇ ಮರೆತೆ. ಗಾಜಿನ ಹೆಂಚುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಸೂರಿನವರೆಗೂ ಪುಸ್ತಕ. ಪ್ರತಿಯೊಂದರ ಅಂಚಿನಲ್ಲೂ ಕೆಂಪು ದಾರದ ಎಳೆ. ಬದುಕಿನಲ್ಲಿ ನಾನು ಬೇಕಾದಷ್ಟು ಅಂಗಡಿ, ಗ್ರಂಥಾಲಯ ನೋಡಿದ್ದೇನೆ. ಎಲ್ಲ ಪುಸ್ತಕಗಳೂ ಉಸಿರು ಬಿಗಿಹಿಡಿದು ನಿಂತ ಜಾಗ ಅದೊಂದೇ. ಬಲಗಡೆಯ ಗೋಡೆಗೆ ಖಾಲಿಯಾದ ಪುಸ್ತಕಗಳ ಕಪಾಟು. ಅವನ್ನೂ ಧೂಳು ಒರೆಸಿ, ಬೆನ್ನು ನೇರವಾಗಿಸಿ ನಿಲ್ಲಿಸಿದ್ದರು. ಇಳಿವಯಸ್ಸಿನ ಗಂಡಸೊಬ್ಬ ಅವುಗಳಲ್ಲಿ ಒಂದನ್ನು ತೆರೆದು ಬಿಳಿ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ನಿಂತಿದ್ದ. ಎಲ್ಲಿ ನಗಬೇಕೋ ಅಲ್ಲಿ ನಗುತ್ತಿದ್ದ. ನನಗೆ ಕೈ ಮುಗಿಯಬೇಕೆನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ದಾನಕ್ಕ ನಡುವೆ ಹಾಸಿದ ಕಂಬಳಿಯ ಮೇಲೆ ಕುಳಿತಿದ್ದಳು. ಸಣ್ಣ ಆಕೃತಿ, ದೊಡ್ಡ ಕನ್ನಡಕ, ಇಳಕಲ್ ಸೀರೆ. ಮಡಿಲಲ್ಲಿ ಪುಸ್ತಕ. ನಾನು ಮೊದಲು ನನ್ನ ಖಾಲಿ ಕಾದಂಬರಿಯನ್ನು ಅವಳ ಕೈಗಿಟ್ಟೆ. ಅವಳು ಅದರ ಹೊದಿಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಕಪಾಟಿನಲ್ಲಿ ಜಾಗ ಮಾಡಿ ಇಡಲು ದಸ್ತಗೀರಸಾಬರಿಗೆ ಕೊಟ್ಟಳು. ಬಿಳಿ ಕೋಟು, ಗುಲಾಬಿ ಹೂವಿನ ಪುಸ್ತಕಕ್ಕೂ ಅಲ್ಲಿ ಅದೇ ಮರ್ಯಾದೆ.

"ದಾನಕ್ಕಾ, ನಾನು 'ಲಿಂಬವ್ವನ ದಾರಿ' ಓದಿದ್ದೇನೆ," ಎಂದೆ. "ಕೊನೆಯವರೆಗೆ."

ಅವಳು ಪುಸ್ತಕವನ್ನು ಎದೆಗವಚಿಕೊಂಡಳು. "ಹೇಳಬ್ಯಾಡ್ರಿ!"

"ಹೇಳುವುದಿಲ್ಲ. ಆದರೆ ಬೇರೆ ಯಾವುದಾದರೂ ಪುಸ್ತಕ ತೆಗೆಯಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಇಷ್ಟೊಂದು ಇವೆಯಲ್ಲ."

ಅವಳು ನನ್ನನ್ನೇ ನೋಡಿದಳು. ಮಂಜು ಕಣ್ಣಾದರೂ ನನಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. "ಸಿಗಂಗಿಲ್ಲೇನು ಅಕಿಗೆ ಅವ್ವ?" ಎಂದಳು, ಮರುಕ್ಷಣವೇ ಕೈ ಅಡ್ಡ ಮಾಡಿ, "ಬ್ಯಾಡ, ಬ್ಯಾಡ. ಸಿಗದಿದ್ರೂ ಅಡ್ಡಿ ಇಲ್ಲ. ಕೇಳ್ರಿ ಇಲ್ಲಿ. ನನ್ನ ತಂಗಿ ಹಟಮಾರಿ. ಎಲ್ಲೋ ಒಂದು ಊರಾಗ ಇದನ್ನ ಹುಡುಕಿ ಓದ್ಯಾಳ, ಅದು ನನಗ ಖಾತ್ರಿ. ಅಕಿಗೆ ಗೊತ್ತಿದ್ದದ್ದು ನನಗ ಗೊತ್ತಿಲ್ಲ. ಇಷ್ಟ ವರ್ಷ ಅದೊಂದು ಹಾಳಿ ನಮ್ಮಿಬ್ಬರ ನಡುವ ಗ್ವಾಡಿ ಆಗಿ ನಿಂತೈತಿ. ಚಲೋ ಇರಲಿ, ಕೆಟ್ಟ ಇರಲಿ, ಅಕಿ ಓದಿದ್ದು ನಾನೂ ಓದಬೇಕು. ಆಮ್ಯಾಗ ಕುರುಡಿ ಆದ್ರೂ ಚಿಂತಿಲ್ಲ."

ನಾನು ಕಂಬದ ಪಕ್ಕ ಕುಳಿತೆ.

ದಸ್ತಗೀರಸಾಬರು ಟೋಪಿ ಸರಿಮಾಡಿಕೊಂಡು ಬಂದು, ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿದರು. ದಾರ ಎಳೆ ಎಳೆಯಾಗಿ ಬಂತು. ಹೊರಗಿನ ಜನ ಚಪ್ಪಲಿ ಕಳಚಿದ ಸದ್ದು ಕೇಳಿಸಿತು. ದಾನಕ್ಕ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು. ತುಟಿ ಅಲುಗುತ್ತಿದ್ದವು. ಒಂದೊಂದು ಅಕ್ಷರವನ್ನೂ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಕರಗಿಸುವವಳಂತೆ ಅವಳು ಓದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ನೋಡಲಾರದೆ ನೋಡುತ್ತಿದ್ದೆ. ಕೊನೆಗೆ ತುಟಿ ನಿಂತವು. ಹಾಳೆ ತಿರುವಿದಳು. ಹಿಂದೆ ರಟ್ಟು. ಮತ್ತೆ ಈಚೆ ತಿರುವಿದಳು. ರಟ್ಟಿನ ಒಳಗಡೆ ಬೆರಳು ಹಾಕಿ ಸವರಿದಳು, ಅಲ್ಲಿ ಏನಾದರೂ ಅಂಟಿಕೊಂಡಿದೆಯೇನೋ ಎಂದು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದಳು. ಆ ನೋಟವನ್ನು ನನ್ನಿಂದ ಸಹಿಸಲು ಆಗಲಿಲ್ಲ. ಹೌದು, ಇಷ್ಟೇ, ಎಂದು ತಲೆ ತಗ್ಗಿಸಿದೆ.

ಆಗ ಅಕ್ಷರಗಳು ಎದ್ದವು. ನನ್ನ ಕಾದಂಬರಿಯದು ಧೂಳಾಗಿತ್ತು, ಇದು ಹಾಗಲ್ಲ. ಊರಿಗೆ ಊರೇ ಓದಿ ಓದಿ ಸವೆಸಿದ ಪುಸ್ತಕ. ಮೊದಲ ಪುಟದಿಂದ ಕೊನೆಯ ಪುಟದವರೆಗಿನ ಅಕ್ಷರಗಳು ಒಟ್ಟಿಗೇ ಎದ್ದು ದಾನಕ್ಕನ ತಲೆಯ ಮೇಲೆ ಒಂದು ಸುತ್ತು ಬಂದವು. ಬಿಸಿಲ ಕೋಲಿನಲ್ಲಿ ಒಮ್ಮೆ ಕಪ್ಪಾಗಿ, ಒಮ್ಮೆ ಬಂಗಾರವಾಗಿ ಹೊಳೆದವು. ಬಳೆ ಅಲುಗಿದಂಥ ಸಣ್ಣ ಸದ್ದು ಕೇಳಿಸಿತು ಎಂದು ಆಮೇಲೆ ಎಲ್ಲರೂ ಹೇಳಿದರು. ನನಗೂ ಕೇಳಿಸಿತ್ತು. ಅವು ಬಾಗಿಲಿಂದ ಹೊರಬಿದ್ದು, ಜನರ ತಲೆಗಳ ಮೇಲೆ ಹಾದು, ಹೊಳೆಯ ಕಡೆಗೆ ಹೋದವು. ಕಣ್ಣಿಂದ ಮರೆಯಾಗುವವರೆಗೂ ಎಲ್ಲರೂ ಅವನ್ನೇ ನೋಡುತ್ತಿದ್ದರು. ನಾನು ಅಳುತ್ತಿದ್ದೆ, ಅದು ಗೊತ್ತಾದದ್ದು ಕೆನ್ನೆ ಒದ್ದೆಯಾದ ಮೇಲೆ.

ಕೊನೆ ಓದಿದವರು ಮೆಟ್ಟಿಲಿಗೆ ಬಂದು ಅದನ್ನು ಊರಿಗೆ ಹೇಳಬೇಕು, ಅದು ಅಲ್ಲಿಯ ಪದ್ಧತಿ. ದಾನಕ್ಕ ಎದ್ದಳು. ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ನಾನು ಅವಳ ಹಿಂದೆ ನಿಂತೆ, ಬಿದ್ದರೆ ಹಿಡಿಯಬೇಕೆಂದು. ಬೀದಿಯ ತುಂಬ ಮುಖಗಳು. ಸೌತೆಕಾಯಿಯವಳು, ಅಂಬಿಗ, ಖಾನಾವಳಿಯ ಯಜಮಾನಿ. ಯಾರೋ ತಡೆಯಲಾರದೆ, "ಸಿಕ್ಕಳೇನು ದಾನಕ್ಕಾ?" ಎಂದು ಕೂಗಿದರು.

"ಲಿಂಬವ್ವ ಮಲಾರ ಕೆಳಗ ಇಟ್ಟಳು," ದಾನಕ್ಕ ಶುರುಮಾಡಿದಳು. ದನಿ ಸಣ್ಣಗಿತ್ತು. "ಚಿಲಕಕ್ಕ ಕೈ ಹಾಕಿದಳು."

ಅಷ್ಟು ಹೇಳಿ ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಇವಳು ಇಷ್ಟೇ ಎನ್ನುತ್ತಾಳೆ, ಊರು ನಂಬುವುದಿಲ್ಲ, ಎಂದುಕೊಂಡೆ. ಹೊಳೆಯ ಕಡೆಯಿಂದ ಗಾಳಿ ಬೀಸಿತು.

"ಚಿಲಕಾ ಬಡದಳು," ಎಂದಳು ದಾನಕ್ಕ. "ಒಳಗಿಂದ ಯಾರೋ, ಬಂದೆ ತಡಿ, ಅಂದ್ರು. ಬಾಗಲಾ ತಗದದ್ದು ಒಬ್ಬಾಕಿ ಮುದುಕಿ. ಕೈಗೆ ಹಿಟ್ಟು ಹತ್ತಿತ್ತು. ಇಕಿ ನಮ್ಮವ್ವ ಅಲ್ಲ ಅಂತ ಲಿಂಬವ್ವಗ ನೋಡಿದ ಕೂಡಲೆ ಗೊತ್ತಾತು. ಮುದುಕಿ ಅಂದಳು, ನೀ ಲಿಂಬವ್ವ ಅಲ್ಲೇನ? ನಿಮ್ಮವ್ವ ಇಲ್ಲೇ ಇದ್ದಳವ್ವಾ. ದಿನಾ ನಿನ್ನ ಹೆಸರು ಹೇಳತಿದ್ದಳು. ತಡಕೊಳ್ಳಾಕ ಆಗದ ನಿನ್ನ ಹುಡುಕ್ಕೊಂಡು ಹ್ವಾದಳು. ನೀ ಗುಡ್ಡದ ದಾರಿಲೆ ಬಂದಿ, ಅಕಿ ಹೊಳಿ ದಾರಿಲೆ ಹ್ವಾದಳು." ದಾನಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಇಷ್ಟ ಐತಿ."

ಗಂಡಸರು ನೆಲ ನೋಡುತ್ತಿದ್ದರು. ಖಾನಾವಳಿಯ ಯಜಮಾನಿ ಬಿಕ್ಕುತ್ತಿದ್ದಳು. ಆಗ ದಾನಕ್ಕ ಹಿಂದಕ್ಕೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಈ ಅಕ್ಕಾರೂ ತಮ್ಮ ಊರಾಗ ಓದ್ಯಾರ. ಹೇಳ್ರಿ ಅಕ್ಕಾರ, ಹಿಂಗ ಐತಲ್ರಿ?" ಎಂದಳು.

ಇಡೀ ಬೀದಿ ನನ್ನತ್ತ ತಿರುಗಿತು. ಅವಳ ಮುಖದಲ್ಲಿ ಅಳುಕಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ತಾನು ಓದಿದ್ದನ್ನೇ ಹೇಳಿದ ಹಾಗೆ ನಿಂತಿದ್ದಳು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ವಾಚನಾಲಯದ ಬೆಂಚಿನ ಮೇಲೆ ಓದಿದ್ದು ಇದೇ ಇರಬೇಕು ಎನಿಸಿಬಿಟ್ಟಿತ್ತು.

"ಹೀಗೇ ಇದೆ ದಾನಕ್ಕಾ," ಎಂದೆ. "ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

ಜನರಲ್ಲಿ ಮಾತು ಎದ್ದಿತು. ದಸ್ತಗೀರಸಾಬರು ಬಿಚ್ಚಿದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಲ್ಲ ದಾನಕ್ಕ, ಅವ್ವ ಮಗಳನ್ನ ಹುಡುಕತಾಳ, ಮಗಳು ಅವ್ವನ್ನ ಹುಡುಕತಾಳ. ಇಬ್ಬರೂ ಹಿಂಗ ನಡಕೋತ ಹೊಂಟ್ರ ಭೆಟ್ಟಿ ಆಗೂದು ಯಾವಾಗ?" ಎಂದರು.

"ಅದಕ್ಕ ಯಾರರ ಒಬ್ಬರು ಒಂದ ಕಡೆ ಅಂಗಡಿ ತಗದು ಕುಂದರಬೇಕಪಾ," ಎಂದಳು ದಾನಕ್ಕ.

ಹಾಗೆಂದವಳು ಅರ್ಧ ಹಾಕಿದ್ದ ಬಾಗಿಲನ್ನು ಎರಡೂ ಕೈಯಿಂದ ದೂಡಿ ಪೂರ್ತಿ ತೆರೆದಳು. ಒಳಗೆ ಹೋಗಿ ತನ್ನ ಜಾಗದಲ್ಲಿ, ಹೊಳೆಯ ದಾರಿ ಕಾಣುವಂತೆ ಕುಳಿತಳು. ಕನ್ನಡಕ ಸರಿಮಾಡಿಕೊಂಡು, "ಬರ್ರಿ ಅಕ್ಕಾರ," ಎಂದು ನನ್ನನ್ನು ಕರೆದಳು. "ನಿಮಗ ಯಾವ ಪುಸ್ತಕಾ ಬೇಕ್ರಿ?"